ಸ್ವಂತ ಮೇಲ್ ಸರ್ವರ್ ಇರುವ ಸಂಸ್ಥೆಗೆ ಡೆಸ್ಕ್‌ಟಾಪ್ ಮೇಲ್ ಸಾಫ್ಟ್‌ವೇರ್ ಆರಿಸುವುದು ಹೇಗೆ?

"ಆಫೀಸಿನ ಮೇಲ್ ಸರ್ವರ್ ನಮ್ಮದೇ. ಸಿಬ್ಬಂದಿಯ ಕಂಪ್ಯೂಟರಿಗೆ ಔಟ್‌ಲುಕ್ ಹಾಕೋದಾ, ಥಂಡರ್‌ಬರ್ಡ್ ಹಾಕೋದಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರಿಗೆ ಒಂದೇ ಹೆಸರಿನ ಉತ್ತರ ಬೇಕು. ಹಾಗೆ ಹೇಳಿಬಿಡುವುದು ಸುಲಭ. ಆದರೆ ಸ್ವಲ್ಪ ದಿನಕ್ಕೇ ಅದೇ ಜನ ಬೇರೆ ಪ್ರಶ್ನೆ ಹೊತ್ತು ಬರುತ್ತಾರೆ: ಕ್ಯಾಲೆಂಡರ್ ಯಾಕೆ ಫೋನಿಗೆ ಬರ್ತಿಲ್ಲ? ಕಳಿಸಿದ ಮೇಲ್ ಯಾಕೆ ಎರಡು ಫೋಲ್ಡರಲ್ಲಿ ಹಂಚಿಹೋಗಿದೆ? ಬೆಳಗ್ಗೆ ಎಲ್ಲರ ಇಮೇಲೂ ಒಟ್ಟಿಗೇ ಯಾಕೆ ನಿಂತಿತು?

ಇವುಗಳಲ್ಲಿ ಬಹುಪಾಲು ಸಾಫ್ಟ್‌ವೇರ್ ಕೆಟ್ಟದ್ದು ಎಂಬ ಕಾರಣಕ್ಕೆ ಬರುವುದಿಲ್ಲ. ಸರ್ವರಿಗೂ ಅದಕ್ಕೂ ಹೊಂದಿಕೆ ಆಗದ್ದರಿಂದ ಬರುತ್ತವೆ. ಆದ್ದರಿಂದ ಸರ್ವರಿನಿಂದಲೇ ಶುರು ಮಾಡೋಣ. ಸಾಫ್ಟ್‌ವೇರಿನ ಹೆಸರು ನಾಲ್ಕನೇ ಹಂತದಲ್ಲಿ ಬರುತ್ತದೆ. ಅಲ್ಲಿಗೇ ಹಾರಬೇಡಿ.

ಕೆಲಸ ಶುರು ಮಾಡುವ ಮುನ್ನ ಇಷ್ಟು ಕೈಯಲ್ಲಿರಲಿ: ಸರ್ವರಿನ ಅಡ್ಮಿನ್ ಲಾಗಿನ್ ಅಥವಾ ಅದು ಇರುವ ವ್ಯಕ್ತಿ, ಡಿಎನ್‌ಎಸ್ ದಾಖಲೆ (ನಿಮ್ಮ ಡೊಮೇನ್ ಹೆಸರು ಯಾವ ಸರ್ವರಿಗೆ ಹೋಗಬೇಕು ಎಂದು ಹೇಳುವ ನಮೂದು) ಬದಲಿಸುವ ಅವಕಾಶ, ಪ್ರಯೋಗಕ್ಕೆಂದೇ ತೆರೆದ ಒಂದು ಖಾತೆ, ಮತ್ತು ಯಾರ ಹತ್ತಿರ ಯಾವ ಕಂಪ್ಯೂಟರ್ ಇದೆ ಎಂಬ ಪಟ್ಟಿ.

1. ನಿಮ್ಮ ಸರ್ವರ್ ಯಾವ ಭಾಷೆ ಆಡುತ್ತದೆ ನೋಡಿ

ಮೇಲ್ ಸಾಫ್ಟ್‌ವೇರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಗಳಿಗೆ ಪ್ರೊಟೊಕಾಲ್ ಅನ್ನುತ್ತಾರೆ. ನಿಮಗೆ ಗೊತ್ತಿರಬೇಕಾದವು ಕೆಲವೇ.

ಐಮ್ಯಾಪ್: ಮೇಲ್ ಸರ್ವರಿನಲ್ಲೇ ಉಳಿಯುತ್ತದೆ. ಕಂಪ್ಯೂಟರ್, ಫೋನ್, ವೆಬ್‌ಮೇಲ್ ಮೂರರಲ್ಲೂ ಒಂದೇ ಚಿತ್ರ ಕಾಣುತ್ತದೆ. ಎನ್‌ಕ್ರಿಪ್ಟ್ ಆದ (ನಡುವೆ ಯಾರೂ ಓದದಂತೆ ಮರೆಮಾಡಿದ) ಸಂಪರ್ಕದ ಪೋರ್ಟ್, ಅಂದರೆ ಸರ್ವರಿನ ಬಾಗಿಲಿನ ಸಂಖ್ಯೆ, 993.

ಪಾಪ್3: ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತದೆ. "ಸರ್ವರಿನಲ್ಲಿ ಪ್ರತಿ ಉಳಿಸು" ಎಂಬ ಗುರುತು ಹಾಕದಿದ್ದರೆ ಸರ್ವರಿನಿಂದ ಅಳಿಸಿಯೂ ಬಿಡುತ್ತದೆ. ಒಂದೇ ಖಾತೆಯನ್ನು ಇಬ್ಬರು ನೋಡುವಲ್ಲಿ ಒಬ್ಬರ ಕಂಪ್ಯೂಟರ್ ಪಾಪ್3ನಲ್ಲಿದ್ದರೆ ಇನ್ನೊಬ್ಬರ ಇನ್‌ಬಾಕ್ಸ್ ಇದ್ದಕ್ಕಿದ್ದಂತೆ ಖಾಲಿಯಾಗುತ್ತದೆ. ಸಂಸ್ಥೆಯಲ್ಲಿ ಇದನ್ನು ಸರ್ವರಿನಲ್ಲೇ ಮುಚ್ಚಿಬಿಡಿ ಅನ್ನುವುದು ನನ್ನ ಸಲಹೆ.

ಎಸ್‌ಎಂಟಿಪಿ: ಮೇಲ್ ಕಳಿಸಲು. ಸಿಬ್ಬಂದಿ ಬಳಸಬೇಕಾದ್ದು 465 ಅಥವಾ 587. ಪೋರ್ಟ್ 25 ಸರ್ವರ್‌ಗಳು ತಮ್ಮತಮ್ಮಲ್ಲಿ ಮೇಲ್ ಸಾಗಿಸಲು ಇರುವುದು, ಅದನ್ನು ಯಾರ ಕಂಪ್ಯೂಟರಲ್ಲೂ ಹಾಕಬೇಡಿ. 465ರಲ್ಲಿ ಸಂಪರ್ಕ ಮೊದಲ ಕ್ಷಣದಿಂದಲೇ ಎನ್‌ಕ್ರಿಪ್ಟ್ ಆಗಿರುತ್ತದೆ. 587ರಲ್ಲಿ ತೆರೆದ ಸಂಪರ್ಕವಾಗಿ ಶುರುವಾಗಿ ಆಮೇಲೆ ಎನ್‌ಕ್ರಿಪ್ಟ್ ಆಗುತ್ತದೆ. 2018ರಲ್ಲಿ ಬಂದ ಇಂಟರ್ನೆಟ್ ಮಾನದಂಡ ಮೊದಲ ಬಗೆಯನ್ನೇ ಶಿಫಾರಸು ಮಾಡಿದೆ. ನಿಮ್ಮ ಸರ್ವರಿನಲ್ಲಿ 465 ತೆರೆದಿದ್ದರೆ ಅದನ್ನೇ ಇಟ್ಟುಕೊಳ್ಳಿ.

ಇನ್ನು ಸರ್ವರ್ ಯಾವುದು? ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ಸರ್ವರ್ ಸಾಫ್ಟ್‌ವೇರ್) ಮತ್ತು ಡವ್‌ಕಾಟ್ (ಐಮ್ಯಾಪ್ ಒದಗಿಸುವುದು) ಜೋಡಿ ಇದ್ದರೆ ಸಿಗುವುದು ಬರೀ ಮೇಲ್. ಮೇಲ್‌ಕೌ ಥರದ ಕಟ್ಟು ಹಾಕಿದ್ದರೆ ಅದರೊಳಗೆ ಸೋಗೋ ಇರುತ್ತದೆ, ಅಂದರೆ ಕ್ಯಾಲೆಂಡರ್, ವಿಳಾಸಪಟ್ಟಿ ಕೂಡ ಸಿಗುತ್ತವೆ. ಝಿಂಬ್ರಾದಲ್ಲೂ ಹಾಗೇ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್ ಇದ್ದರೆ ಅದರ ದಾರಿಯೇ ಬೇರೆ. ಅಂದಹಾಗೆ ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮಲ್ಲಿ ಇನ್ನೂ ಅವೇ ಓಡುತ್ತಿದ್ದರೆ ಮೇಲ್ ಸಾಫ್ಟ್‌ವೇರಿನ ಚಿಂತೆ ಆಮೇಲೆ, ಮೊದಲು ಸರ್ವರ್ ನೋಡಿಕೊಳ್ಳಿ.

2. ಕ್ಯಾಲೆಂಡರ್ ಎಲ್ಲಿರಬೇಕು ಎಂದು ತೀರ್ಮಾನಿಸಿ

ಆಯ್ಕೆ ನಿಜಕ್ಕೂ ನಿರ್ಧಾರವಾಗುವುದು ಇಲ್ಲೇ. ಮೇಲ್ ಓದುವುದು, ಕಳಿಸುವುದು ಎಲ್ಲ ಸಾಫ್ಟ್‌ವೇರಿಗೂ ಬರುತ್ತದೆ. ಎಡವಟ್ಟಾಗುವುದು ಕ್ಯಾಲೆಂಡರಲ್ಲಿ, ಹಂಚಿಕೊಂಡ ವಿಳಾಸಪಟ್ಟಿಯಲ್ಲಿ.

ಐಮ್ಯಾಪ್‌ಗೆ ಕ್ಯಾಲೆಂಡರ್ ಎಂಬುದೇ ಗೊತ್ತಿಲ್ಲ. ಅದಕ್ಕೆ ಬೇರೆ ಪ್ರೊಟೊಕಾಲ್ ಬೇಕು. ಕ್ಯಾಲೆಂಡರಿಗೆ ಕ್ಯಾಲ್‌ಡ್ಯಾವ್, ವಿಳಾಸಗಳಿಗೆ ಕಾರ್ಡ್‌ಡ್ಯಾವ್. ಥಂಡರ್‌ಬರ್ಡ್, ಇಎಂ ಕ್ಲೈಂಟ್, ಎವಲ್ಯೂಶನ್, ಮ್ಯಾಕ್‌ನ ಕ್ಯಾಲೆಂಡರ್ ಮತ್ತು ಕಾಂಟ್ಯಾಕ್ಟ್ಸ್ ಇವೆಲ್ಲ ಈ ಎರಡನ್ನೂ ತಾವಾಗಿಯೇ ಬಲ್ಲವು. ವಿಂಡೋಸಿನ ಔಟ್‌ಲುಕ್‌ಗೆ ಇವು ಗೊತ್ತಿಲ್ಲ. ಹಳೆಯ ಔಟ್‌ಲುಕ್‌ಗೆ (ಮೈಕ್ರೋಸಾಫ್ಟ್ ಈಗ "ಕ್ಲಾಸಿಕ್" ಎನ್ನುವುದು) ಕ್ಯಾಲ್‌ಡ್ಯಾವ್ ಸಿಂಕ್ರೊನೈಸರ್ ಎಂಬ ಉಚಿತ ಆಡ್-ಇನ್ ಸಿಗುತ್ತದೆ. ಕೆಲಸ ಮಾಡುತ್ತದೆ. ಆದರೆ ಪ್ರತಿ ಕಂಪ್ಯೂಟರಲ್ಲೂ ಹಾಕಿ, ಹೊಂದಿಸಿ, ಆಗಾಗ ಗಮನಿಸಬೇಕು. ಐದು ಜನರಿಗೆ ಸರಿ, ಐವತ್ತು ಜನರಿಗೆ ನಾನು ಹೇಳಲಾರೆ.

ಇಲ್ಲೊಂದು ಗುಂಡಿ ಇದೆ, ಬಹಳ ಮಂದಿ ಬೀಳುತ್ತಾರೆ. ಹಳೆಯ ಔಟ್‌ಲುಕ್‌ನಲ್ಲಿ ಐಮ್ಯಾಪ್ ಖಾತೆ ಹಾಕಿದರೂ ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್ ಫೋಲ್ಡರ್‌ಗಳು ಕಾಣುತ್ತವೆ. ಪಕ್ಕದಲ್ಲಿ ಸಣ್ಣಗೆ "ಈ ಕಂಪ್ಯೂಟರಲ್ಲಿ ಮಾತ್ರ" ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಯಾರೂ ಓದುವುದಿಲ್ಲ. ವರ್ಷಗಟ್ಟಲೆ ಮೀಟಿಂಗು, ಗ್ರಾಹಕರ ನಂಬರು ಎಲ್ಲ ಅಲ್ಲೇ ತುಂಬಿಸುತ್ತಾರೆ. ಅದು ಸರ್ವರಿಗೆ ಹೋಗುವುದೇ ಇಲ್ಲ. ನೀವು ಸರ್ವರಿನ ಬ್ಯಾಕಪ್ ಎಷ್ಟು ಶಿಸ್ತಾಗಿ ತೆಗೆದರೂ ಅದರಲ್ಲಿ ಇದು ಇರುವುದಿಲ್ಲ. ಡಿಸ್ಕ್ ಹೋದ ದಿನ ಗೊತ್ತಾಗುತ್ತದೆ. ಈಗ ಔಟ್‌ಲುಕ್ ಬಳಸುತ್ತಿರುವವರು ನಿಮ್ಮಲ್ಲಿದ್ದರೆ ಇವತ್ತೇ ಹೋಗಿ ಆ ಫೋಲ್ಡರ್ ತೆರೆದು ನೋಡಿ.

3. ಪಾಸ್‌ವರ್ಡ್ ಯಾರ ಕೈಗೆ ಹೋಗುತ್ತದೆ ಪರೀಕ್ಷಿಸಿ

ಸ್ವಂತ ಸರ್ವರ್ ಇಟ್ಟುಕೊಳ್ಳುವುದೇ ಮೇಲ್ ನಮ್ಮ ಹತ್ತಿರ ಇರಲಿ ಅಂತ, ಅಲ್ವಾ? ಹಾಗಿದ್ದ ಮೇಲೆ ಸಾಫ್ಟ್‌ವೇರ್ ನೇರವಾಗಿ ನಿಮ್ಮ ಸರ್ವರ್ ಜೊತೆ ಮಾತಾಡಬೇಕು. ಎಲ್ಲವೂ ಹಾಗೆ ಮಾಡುವುದಿಲ್ಲ.

ವಿಂಡೋಸ್ ಜೊತೆ ಈಗ ಬರುವ "ಹೊಸ ಔಟ್‌ಲುಕ್" ಇದಕ್ಕೆ ದೊಡ್ಡ ಉದಾಹರಣೆ. ಅದರಲ್ಲಿ ಐಮ್ಯಾಪ್ ಖಾತೆ ಸೇರಿಸಿದರೆ ಖಾತೆ ಮೈಕ್ರೋಸಾಫ್ಟ್ ಕ್ಲೌಡ್ ಜೊತೆ ಸಿಂಕ್ ಆಗುತ್ತದೆ. ಅಂದರೆ ನಿಮ್ಮ ಸರ್ವರಿಗೆ ಲಾಗಿನ್ ಆಗುವುದು ಸಿಬ್ಬಂದಿಯ ಕಂಪ್ಯೂಟರ್ ಅಲ್ಲ, ಮೈಕ್ರೋಸಾಫ್ಟಿನ ಸರ್ವರ್. ಸೇರಿಸುವಾಗ ಒಪ್ಪಿಗೆ ಕೇಳುವ ಪರದೆ ಬರುತ್ತದೆ ನಿಜ, ಜನ ಓದದೆ ಮುಂದೆ ಒತ್ತುತ್ತಾರೆ. ನಿಮ್ಮ ಮೇಲ್ ಸರ್ವರ್ ಆಫೀಸಿನ ಒಳಗಿನ ನೆಟ್‌ವರ್ಕಿಗೆ ಅಥವಾ ವಿಪಿಎನ್‌ಗೆ (ಹೊರಗಿನಿಂದ ಆ ನೆಟ್‌ವರ್ಕಿಗೆ ಬರುವ ಖಾಸಗಿ ದಾರಿ) ಮಾತ್ರ ತೆರೆದಿದ್ದರೆ ಹೊಸ ಔಟ್‌ಲುಕ್ ಅದನ್ನು ತಲುಪಲಾಗದೆ ಸುಮ್ನೆ ದೋಷ ತೋರಿಸುತ್ತದೆ. ಸ್ಪಾರ್ಕ್ ಕೂಡ ತನ್ನದೇ ಸರ್ವರ್‌ಗಳನ್ನು ನಡುವೆ ಇಟ್ಟುಕೊಂಡಿರುವ ಸಾಫ್ಟ್‌ವೇರ್.

ಯಾರ ಮಾತನ್ನೂ ನಂಬಬೇಕಿಲ್ಲ, ನನ್ನದನ್ನೂ. ನೀವೇ ಹೀಗೆ ನೋಡಿ:

ಪ್ರಯೋಗದ ಖಾತೆಯನ್ನು ಆ ಸಾಫ್ಟ್‌ವೇರಿನಲ್ಲಿ ಹಾಕಿ. ಅದೇ ಹೊತ್ತಿಗೆ ಸರ್ವರಿನ ಮೇಲ್ ಲಾಗ್ (ಯಾರು ಯಾವಾಗ ಲಾಗಿನ್ ಆದರು ಎಂಬ ದಾಖಲೆ) ತೆರೆದಿಡಿ. ಆ ಖಾತೆಗೆ ಲಾಗಿನ್ ಆದ ಸಾಲು ಬರುತ್ತದೆ. ಅದರಲ್ಲಿ ಯಾವ ಐಪಿ ವಿಳಾಸದಿಂದ (ನೆಟ್‌ವರ್ಕಿನಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಸಂಪರ್ಕ ಬಂತು ಎಂದು ಇರುತ್ತದೆ. ಅದು ನಿಮ್ಮ ಆಫೀಸಿನ ವಿಳಾಸವಾಗಿದ್ದರೆ ಸರಿ. ಕಂಡು ಕೇಳದ ವಿಳಾಸವಾಗಿದ್ದರೆ ಪಾಸ್‌ವರ್ಡ್ ಹೊರಗೆ ಹೋಗಿದೆ. ಕಂಪ್ಯೂಟರ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಆಗಲೂ ಲಾಗಿನ್ ಆಗುತ್ತಲೇ ಇದ್ದರೆ ಅನುಮಾನವೇ ಬೇಡ. ಪರೀಕ್ಷೆ ಮುಗಿದ ಮೇಲೆ ಆ ಖಾತೆಯ ಪಾಸ್‌ವರ್ಡ್ ಬದಲಿಸಿಬಿಡಿ.

4. ಈಗ ಆರಿಸಿ

ಎಕ್ಸ್‌ಚೇಂಜ್ ಸರ್ವರ್ ಇದ್ದರೆ ಹಳೆಯ ಔಟ್‌ಲುಕ್, ಅಂದರೆ ಆ "ಕ್ಲಾಸಿಕ್". ಬೇರೆ ಯೋಚನೆ ಬೇಡ. ಹಂಚಿದ ಕ್ಯಾಲೆಂಡರ್, ಮೀಟಿಂಗ್ ಕೋಣೆ ಕಾದಿರಿಸುವುದು, ಒಬ್ಬರ ಪರವಾಗಿ ಇನ್ನೊಬ್ಬರು ಮೇಲ್ ಕಳಿಸುವುದು, ಇವೆಲ್ಲ ಆ ಜೋಡಿಯಲ್ಲಿ ಸರಿಯಾಗಿ ನಡೆಯುತ್ತವೆ. ಇದನ್ನು ಕನಿಷ್ಠ 2029ರವರೆಗೆ ಬೆಂಬಲಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಹೊಸ ಔಟ್‌ಲುಕ್ ಸ್ವಂತ ಎಕ್ಸ್‌ಚೇಂಜ್ ಸರ್ವರಿಗೆ ಆಗಿಬರುವುದಿಲ್ಲ. ಔಟ್‌ಲುಕ್ 2016, 2019ರ ಬೆಂಬಲವೂ ಮುಗಿದಿದೆ, ಹಳೆಯ ಸಿಡಿ ಹುಡುಕಿ ಹಾಕಬೇಡಿ.

ಐಮ್ಯಾಪ್, ಕ್ಯಾಲ್‌ಡ್ಯಾವ್ ಇರುವ ಸರ್ವರ್ ಆದರೆ ನನ್ನ ಮೊದಲ ಉತ್ತರ ಥಂಡರ್‌ಬರ್ಡ್. ಉಚಿತ ಎಂಬುದಕ್ಕಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಥರ ಇರುತ್ತದೆ, ನೇರ ಸಂಪರ್ಕ, ಕ್ಯಾಲೆಂಡರ್ ಒಳಗೇ ಇದೆ. 2020ರ 78ನೇ ಆವೃತ್ತಿಯಿಂದ ಓಪನ್‌ಪಿಜಿಪಿ ಕೂಡ ಒಳಗೇ ಬಂದಿದೆ (ಓದಬೇಕಾದವರು ಮಾತ್ರ ಬಿಡಿಸಿ ಓದುವಂತೆ ಮೇಲನ್ನು ಬೀಗ ಹಾಕುವ ವಿಧಾನ). ಎಲ್ಲಕ್ಕಿಂತ ಮುಖ್ಯವಾಗಿ, ಹಲವು ಕಂಪ್ಯೂಟರ್‌ಗಳಿಗೆ ಒಂದೇ ಫೈಲಿನಿಂದ ನಿಯಮ ಹೇರಬಹುದು. ದೋಷವೂ ಇದೆ. ಮೊದಲ ಸಲ ದೊಡ್ಡ ಮೇಲ್‌ಬಾಕ್ಸ್ ಇಳಿಸುವಾಗ ಕಂಪ್ಯೂಟರನ್ನು ಒದ್ದಾಡಿಸುತ್ತದೆ. ಔಟ್‌ಲುಕ್‌ಗೆ ಒಗ್ಗಿದವರು ಮೊದಲ ವಾರ ಗೊಣಗುತ್ತಾರೆ. ಎಕ್ಸ್‌ಚೇಂಜ್ ಬೆಂಬಲ 2025ರ ಕೊನೆಯಲ್ಲಿ 145ನೇ ಆವೃತ್ತಿಯಲ್ಲಿ ಬಂತಾದರೂ ಅದು ಬಂದದ್ದು ಮೇಲ್‌ಗೆ ಮಾತ್ರ, ಕ್ಯಾಲೆಂಡರಿಗಲ್ಲ.

ಡೌನ್‌ಲೋಡ್ ಮಾಡುವಾಗ ಇಎಸ್‌ಆರ್ ಎಂಬ ಆವೃತ್ತಿ ಆರಿಸಿ. ಇದು ದೀರ್ಘ ಬೆಂಬಲದ ಆವೃತ್ತಿ. ಭದ್ರತೆಯ ತಿದ್ದುಪಡಿ ಬರುತ್ತಿರುತ್ತವೆ, ಮುಖಚಹರೆ ಮಾತ್ರ ಪದೇ ಪದೇ ಬದಲಾಗುವುದಿಲ್ಲ. ಸಾಮಾನ್ಯ ಆವೃತ್ತಿ 2025ರಿಂದ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಬಟನ್ ಜಾಗ ಬದಲಾದರೆ ಫೋನ್ ಬರುವುದು ನಿಮಗೇ.

ಔಟ್‌ಲುಕ್ ಥರವೇ ಕಾಣಬೇಕು, ಆದರೆ ಕ್ಯಾಲ್‌ಡ್ಯಾವ್ ಬೇಕು ಅನ್ನುವವರಿಗೆ ಇಎಂ ಕ್ಲೈಂಟ್. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಸಿಗುತ್ತದೆ, ಲಿನಕ್ಸಿನಲ್ಲಿಲ್ಲ. ಇದರ ಉಚಿತ ಲೈಸೆನ್ಸ್ ಮನೆಬಳಕೆಗೆ ಮಾತ್ರ. ಸಂಸ್ಥೆಯಲ್ಲಿ ಹಾಕುವುದಾದರೆ ಕೊಳ್ಳಲೇಬೇಕು.

ಎಲ್ಲರದೂ ಲಿನಕ್ಸ್ ಆದರೆ ಎವಲ್ಯೂಶನ್ ಚೆನ್ನಾಗಿದೆ, ಅದಕ್ಕೆ ಎಕ್ಸ್‌ಚೇಂಜ್ ಜೋಡಿಸುವ ಪ್ಯಾಕೇಜೂ ಇದೆ. ಎಲ್ಲರದೂ ಮ್ಯಾಕ್ ಆದರೆ ಆಪಲ್ ಮೇಲ್ ಸಾಕು. ಕ್ಲಾಸ್ ಮೇಲ್ ತುಂಬ ಹಗುರ. ಆದರೆ ಬಣ್ಣ, ಕೋಷ್ಟಕ, ಲೋಗೋ ಇರುವ ಮೇಲ್ ಬರೆಯಲು ಬರುವುದಿಲ್ಲ. ಮಾರಾಟ ವಿಭಾಗದವರು ಒಪ್ಪುವುದಿಲ್ಲ ಬಿಡಿ.

ಎಲ್ಲರಿಗೂ ಒಂದೇ ಸಾಫ್ಟ್‌ವೇರ್ ಇರಬೇಕೇ? ಆದಷ್ಟು ಹೌದು. ಎರಡಕ್ಕಿಂತ ಜಾಸ್ತಿ ಬೇಡ. ಪ್ರತಿ ಹೊಸ ಹೆಸರಿನ ಜೊತೆ ಅದರದೇ ರಗಳೆಗಳು ಬರುತ್ತವೆ.

5. ಸರ್ವರನ್ನು ಸಿದ್ಧ ಮಾಡಿ

ಈ ಹಂತ ಬಿಟ್ಟು ನೇರ ಇನ್‌ಸ್ಟಾಲ್‌ಗೆ ಹೋಗುವವರೇ ಜಾಸ್ತಿ. ಆಮೇಲೆ ಸಾಫ್ಟ್‌ವೇರನ್ನು ಬೈಯುತ್ತಾರೆ.

ಸರ್ಟಿಫಿಕೇಟ್: ಸರ್ವರಿನ ಗುರುತಿನ ಚೀಟಿ. ಸಾಫ್ಟ್‌ವೇರಿನಲ್ಲಿ ಸರ್ವರ್ ಹೆಸರು ಏನು ಬರೆಯುತ್ತೀರೋ ಅದೇ ಹೆಸರು ಇದರಲ್ಲೂ ಇರಬೇಕು. ಸ್ವಯಂ ಸಹಿಯ (ಸರ್ವರ್ ತನಗೆ ತಾನೇ ಕೊಟ್ಟುಕೊಂಡ) ಸರ್ಟಿಫಿಕೇಟ್ ಹಾಕಿ "ಎಚ್ಚರಿಕೆ ಬಂದರೆ ಒಪ್ಪಿಬಿಡಿ" ಅಂತ ಸಿಬ್ಬಂದಿಗೆ ಕಲಿಸಬೇಡಿ. ನಾಳೆ ನಿಜವಾದ ಕಳ್ಳ ಬಂದರೂ ಅವರು ಒಪ್ಪುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತದೆ, ತಾನಾಗಿಯೇ ನವೀಕರಣ ಆಗುವಂತೆ ಮಾಡಬಹುದು. ಫೈಲ್ ಹೊಸದಾದರೂ ಡವ್‌ಕಾಟನ್ನು ರೀಲೋಡ್ ಮಾಡದಿದ್ದರೆ ಅದು ಹಳೆಯದನ್ನೇ ತೋರಿಸುತ್ತಿರುತ್ತದೆ. ನವೀಕರಣದ ಜೊತೆಗೇ ರೀಲೋಡ್ ಆಜ್ಞೆಯನ್ನೂ ಕಟ್ಟಿಡಿ.

ತಾನಾಗಿ ಹೊಂದಿಕೊಳ್ಳುವ ಫೈಲ್: ಥಂಡರ್‌ಬರ್ಡಿನಲ್ಲಿ ಮೇಲ್ ವಿಳಾಸ ಕೊಟ್ಟ ತಕ್ಷಣ ಅದು ನಿಮ್ಮ ಡೊಮೇನಿನ ಮುಂದೆ "ಆಟೋಕಾನ್ಫಿಗ್" ಎಂದು ಸೇರಿಸಿ ಆ ವೆಬ್ ವಿಳಾಸದಲ್ಲಿ ಒಂದು ಸಣ್ಣ ಎಕ್ಸ್‌ಎಂಎಲ್ ಫೈಲ್ ಹುಡುಕುತ್ತದೆ. ಸರ್ವರ್ ಹೆಸರು, ಪೋರ್ಟ್ ಎಲ್ಲ ಅದರಲ್ಲಿ ಬರೆದಿಟ್ಟರೆ ಸಿಬ್ಬಂದಿ ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಸಾಕು. ಎವಲ್ಯೂಶನ್, ಲಿನಕ್ಸಿನ ಕೆಮೇಲ್ ಕೂಡ ಇದನ್ನು ಓದುತ್ತವೆ. ಔಟ್‌ಲುಕ್ ಹುಡುಕುವುದು "ಆಟೋಡಿಸ್ಕವರ್" ಎಂಬ ಬೇರೆ ಹೆಸರನ್ನು. ಮ್ಯಾಕ್‌ಗೆ ಕಾನ್ಫಿಗರೇಶನ್ ಪ್ರೊಫೈಲ್ (ಸೆಟ್ಟಿಂಗ್‌ಗಳೆಲ್ಲ ಇರುವ ಫೈಲ್) ಕೊಡಬೇಕು.

ಕಳಿಸಿದ ಮೇಲ್‌ಗಳ ಫೋಲ್ಡರ್: ಒಂದು ಸಾಫ್ಟ್‌ವೇರ್ ಅದನ್ನು "ಸೆಂಟ್" ಅನ್ನುತ್ತದೆ, ಇನ್ನೊಂದು "ಸೆಂಟ್ ಐಟಮ್ಸ್", ಮತ್ತೊಂದು "ಸೆಂಟ್ ಮೆಸೇಜಸ್". ಒಬ್ಬರೇ ಫೋನಲ್ಲೂ ಕಂಪ್ಯೂಟರಲ್ಲೂ ಬಳಸಿದರೆ ಎರಡು ಫೋಲ್ಡರ್ ಹುಟ್ಟಿಕೊಳ್ಳುತ್ತವೆ. ಸರ್ವರಿನಲ್ಲೇ ಯಾವುದು ಕಳಿಸಿದ್ದು, ಯಾವುದು ಕರಡು, ಯಾವುದು ಕಸ ಎಂದು ಗುರುತು ಹಾಕಿಡಬಹುದು. ಡವ್‌ಕಾಟಿನಲ್ಲಿ ಇದಕ್ಕೆ ಸ್ಪೆಶಲ್-ಯೂಸ್ ಅನ್ನುತ್ತಾರೆ. ಒಮ್ಮೆ ಮಾಡಿಟ್ಟರೆ ಹೊಸದಾಗಿ ಹಾಕುವ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ಅದನ್ನೇ ಪಾಲಿಸುತ್ತವೆ.

ಸಂಪರ್ಕಗಳ ಮಿತಿ: ಥಂಡರ್‌ಬರ್ಡ್ ಒಂದು ಖಾತೆಗೆ 5 ಸಂಪರ್ಕಗಳವರೆಗೆ ತೆರೆದಿಡುತ್ತದೆ. ಡವ್‌ಕಾಟ್ ಒಬ್ಬ ಬಳಕೆದಾರರಿಗೆ ಒಂದು ಐಪಿ ವಿಳಾಸದಿಂದ 10 ಸಂಪರ್ಕ ಮಾತ್ರ ಬಿಡುತ್ತದೆ. ಎರಡೂ ಮೂಲ ಸೆಟ್ಟಿಂಗ್‌ಗಳು. ಈಗ ಲೆಕ್ಕ ಹಾಕಿ. ವಿಚಾರಣೆಗೆಂದು ಇಟ್ಟ ಒಂದೇ ಖಾತೆಯನ್ನು ನಾಲ್ಕು ಜನ ತಂತಮ್ಮ ಕಂಪ್ಯೂಟರಲ್ಲಿ ತೆರೆದಿದ್ದಾರೆ. ಸರ್ವರ್ ಆಫೀಸಿನ ಹೊರಗಿದ್ದರೆ ಇಲ್ಲಿನ ಎಲ್ಲ ಕಂಪ್ಯೂಟರ್‌ಗಳೂ ಅದಕ್ಕೆ ಒಂದೇ ಐಪಿಯಾಗಿ ಕಾಣುತ್ತವೆ. 4 ಗುಣಿಸು 5 ಅಂದರೆ 20. ಮೊದಲಿಬ್ಬರಿಗೆ ಸರಿ, ಮೂರನೆಯವರಿಂದ ಮುಂದೆ ಆಗಾಗ "ಸರ್ವರಿಗೆ ಸಂಪರ್ಕ ಆಗಲಿಲ್ಲ". ಕಾರಣ ಗೊತ್ತಾಗದೆ ನೆಟ್‌ವರ್ಕ್ ಕೇಬಲ್ ಬದಲಿಸುವವರೂ ಇದ್ದಾರೆ. ಸರ್ವರಿನಲ್ಲಿ ಆ ಮಿತಿ ಏರಿಸಿ. ಅಥವಾ ಹಂಚಿಕೊಂಡ ಫೋಲ್ಡರ್ ಮಾಡಿ, ಪ್ರತಿಯೊಬ್ಬರೂ ಸ್ವಂತ ಲಾಗಿನ್‌ನಿಂದ ನೋಡುವಂತೆ ಮಾಡಿ. ಎರಡನೆಯದೇ ಒಳ್ಳೆಯದು. ಕೆಲಸ ಬಿಟ್ಟು ಹೋದವರ ಜೊತೆ ಹಂಚಿದ ಪಾಸ್‌ವರ್ಡ್ ಹೋಗುವ ತಲೆನೋವೂ ಇಲ್ಲ.

ಫೇಲ್2ಬ್ಯಾನ್: ತಪ್ಪು ಪಾಸ್‌ವರ್ಡ್ ಪದೇ ಪದೇ ಬಂದರೆ ಆ ಐಪಿಯನ್ನು ತಡೆಯುವ ಸಾಧನ. ಒಬ್ಬರು ಪಾಸ್‌ವರ್ಡ್ ಬದಲಿಸುತ್ತಾರೆ. ಅವರ ಹಳೆಯ ಫೋನು ಡ್ರಾಯರಿನಲ್ಲಿ ಆನ್ ಆಗಿಯೇ ಇದೆ, ಆಫೀಸಿನ ವೈಫೈಯಲ್ಲಿ ಹಳೆಯ ಪಾಸ್‌ವರ್ಡನ್ನೇ ಒತ್ತುತ್ತಿದೆ. ಫೇಲ್2ಬ್ಯಾನ್ ಆಫೀಸಿನ ಐಪಿಯನ್ನೇ ತಡೆಯುತ್ತದೆ. ಎಲ್ಲರ ಇಮೇಲೂ ಒಟ್ಟಿಗೇ ನಿಲ್ಲುವುದು ಹೀಗೆ. ಆಫೀಸಿನ ಐಪಿ ಸ್ಥಿರವಾಗಿದ್ದರೆ ಅದನ್ನು ವಿನಾಯಿತಿ ಪಟ್ಟಿಗೆ ಸೇರಿಸಿ.

6. ಅತಿ ದೊಡ್ಡ ಮೇಲ್‌ಬಾಕ್ಸಿನವರ ಹತ್ತಿರ ಪ್ರಯೋಗ ಮಾಡಿ

ಹೊಸದಾಗಿ ಸೇರಿದವರ ಖಾಲಿ ಖಾತೆಯಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಪರೀಕ್ಷೆಗೆ ಬೇಕಾದವರು ಲೆಕ್ಕಪತ್ರ ನೋಡುವವರು, ಹತ್ತು ವರ್ಷದ ಮೇಲ್ ಒಂದನ್ನೂ ಅಳಿಸದವರು. ಅವರ ಕಂಪ್ಯೂಟರಿನಲ್ಲಿ ಒಂದು ವಾರ ಓಡಿಸಿ.

ನೋಡಬೇಕಾದ್ದು: ಹಳೆಯ ಮೇಲ್ ಹುಡುಕಿದರೆ ಸಿಗುತ್ತದಾ, ಎಷ್ಟು ಹೊತ್ತಿಗೆ? ಕನ್ನಡದಲ್ಲಿ ವಿಷಯ ಬರೆದ ಮೇಲ್, ಕನ್ನಡ ಹೆಸರಿನ ಫೋಲ್ಡರ್ ಮತ್ತು ಅಟ್ಯಾಚ್‌ಮೆಂಟ್ ಸರಿಯಾಗಿ ಬರುತ್ತವಾ? ಮೀಟಿಂಗ್ ಆಹ್ವಾನ ಒಪ್ಪಿದರೆ ಕಳಿಸಿದವರಿಗೆ ಉತ್ತರ ತಲುಪುತ್ತದಾ? ದೊಡ್ಡ ಅಟ್ಯಾಚ್‌ಮೆಂಟ್ ಹೋಗುತ್ತದಾ? ಇಂಟರ್ನೆಟ್ ಕಿತ್ತಿಟ್ಟು ಹಳೆಯ ಮೇಲ್ ತೆರೆಯಲು ಆಗುತ್ತದಾ?

ರಜೆಯ ಉತ್ತರವನ್ನೂ ಪರೀಕ್ಷಿಸಿ. ಥಂಡರ್‌ಬರ್ಡಿನ ಫಿಲ್ಟರ್‌ಗಳು ಅದು ತೆರೆದಿದ್ದಾಗ ಮಾತ್ರ ಕೆಲಸ ಮಾಡುತ್ತವೆ. ಕಂಪ್ಯೂಟರ್ ಆಫ್ ಮಾಡಿ ರಜೆಗೆ ಹೋದರೆ ಉತ್ತರ ಹೋಗುವುದಿಲ್ಲ. ಅದು ಸರ್ವರಿನಲ್ಲೇ ಇರಬೇಕು. ಸೀವ್ ಎಂಬ ನಿಯಮ ಭಾಷೆ ಇದಕ್ಕೇ ಇರುವುದು, ಸಿಬ್ಬಂದಿ ಅದನ್ನು ವೆಬ್‌ಮೇಲಿನಿಂದ ಹೊಂದಿಸಬಹುದು.

ಸಂಪರ್ಕದಲ್ಲಿ ವಿಚಿತ್ರ ಸರ್ಟಿಫಿಕೇಟ್ ದೋಷ ಬಂದರೆ ಆಂಟಿವೈರಸ್ ನೋಡಿ. ಕೆಲವು ಮೇಲ್ ಸಂಪರ್ಕದ ನಡುವೆ ನುಗ್ಗಿ ತಮ್ಮದೇ ಸರ್ಟಿಫಿಕೇಟ್ ತೋರಿಸುತ್ತವೆ.

7. ಹಳೆಯ ಮೇಲನ್ನು ಸಾಗಿಸಿ

ಈಗಾಗಲೇ ಐಮ್ಯಾಪಿನಲ್ಲಿದ್ದರೆ ಸಾಗಿಸಲು ಏನೂ ಇಲ್ಲ. ಹೊಸ ಸಾಫ್ಟ್‌ವೇರ್ ತಾನೇ ಇಳಿಸಿಕೊಳ್ಳುತ್ತದೆ. ಸರ್ವರ್ ಕೂಡ ಬದಲಾಗುತ್ತಿದ್ದರೆ ಐಮ್ಯಾಪ್‌ಸಿಂಕ್ ಬಳಸಿ. ಮಧ್ಯೆ ನಿಂತರೂ ಮತ್ತೆ ಓಡಿಸಬಹುದು, ಹೋದ ಮೇಲನ್ನು ಮತ್ತೊಮ್ಮೆ ಕಳಿಸುವುದಿಲ್ಲ.

ಕಷ್ಟ ಇರುವುದು ಔಟ್‌ಲುಕ್‌ನ ಪಿಎಸ್‌ಟಿ ಫೈಲಿನಲ್ಲಿ. ಪಾಪ್3 ಕಾಲದ ಮೇಲ್ ಎಲ್ಲ ಆ ಒಂದೇ ಫೈಲಿನಲ್ಲಿರುತ್ತದೆ. ಸುಲಭದ ದಾರಿ: ಅದೇ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ ಐಮ್ಯಾಪ್ ಖಾತೆಯನ್ನೂ ಸೇರಿಸಿ, ಹಳೆಯ ಫೋಲ್ಡರ್‌ಗಳಿಂದ ಮೇಲನ್ನು ಸರ್ವರಿನ ಫೋಲ್ಡರಿಗೆ ಎಳೆದು ಹಾಕಿ. ಸ್ವಲ್ಪ ಸ್ವಲ್ಪವಾಗಿ ಮಾಡಿ, ಪ್ರತಿ ಸಲ ಎರಡೂ ಕಡೆ ಮೇಲ್‌ಗಳ ಸಂಖ್ಯೆ ತಾಳೆ ನೋಡಿ. ಕ್ಯಾಲೆಂಡರನ್ನು ಬೇರೆಯಾಗಿ ಐಕ್ಯಾಲ್ ಫೈಲಿಗೆ, ವಿಳಾಸಗಳನ್ನು ಸಿಎಸ್‌ವಿಗೆ ತೆಗೆದಿಡಿ. ಇದೆಲ್ಲ ಮುಗಿಯುವವರೆಗೆ ಔಟ್‌ಲುಕ್ ತೆಗೆಯಬೇಡಿ. ಥಂಡರ್‌ಬರ್ಡ್ ಔಟ್‌ಲುಕ್‌ನಿಂದ ಆಮದು ಮಾಡಿಕೊಳ್ಳಲಿಕ್ಕೂ ಔಟ್‌ಲುಕ್ ಅದೇ ಕಂಪ್ಯೂಟರಿನಲ್ಲಿ ಇರಬೇಕು.

8. ಎಲ್ಲರಿಗೂ ಹಾಕಿ

ಒಂದು ವಿಭಾಗ ಆದ ಮೇಲೆ ಇನ್ನೊಂದು. ಒಂದೇ ದಿನ ಎಲ್ಲರಿಗೂ ಹಾಕಿದರೆ ಎಲ್ಲರೂ ಒಟ್ಟಿಗೆ ಹಳೆಯ ಮೇಲ್ ಇಳಿಸಲು ಶುರು ಮಾಡಿ ಸರ್ವರ್ ಏದುಸಿರು ಬಿಡುತ್ತದೆ.

ಥಂಡರ್‌ಬರ್ಡ್ ಪ್ರೊಫೈಲ್ (ಅದರ ಮೇಲ್, ಸೆಟ್ಟಿಂಗ್ ಎಲ್ಲ ಇರುವ ಫೋಲ್ಡರ್) ಅಥವಾ ಪಿಎಸ್‌ಟಿ ಫೈಲನ್ನು ನೆಟ್‌ವರ್ಕ್ ಡ್ರೈವಿನಲ್ಲೋ ಕ್ಲೌಡ್ ಸಿಂಕ್ ಫೋಲ್ಡರಿನಲ್ಲೋ ಇಡಬೇಡಿ. ತೆರೆದಿರುವಾಗಲೇ ಸಿಂಕ್ ನಡೆದು ಫೈಲ್ ಕೆಡುತ್ತದೆ. ಬ್ಯಾಕಪ್ ಸರ್ವರಿನಲ್ಲಿ ಆಗಲಿ.

ಥಂಡರ್‌ಬರ್ಡಿನಲ್ಲಿ ಉಳಿಸಿದ ಪಾಸ್‌ವರ್ಡನ್ನು ಆ ಕಂಪ್ಯೂಟರಿನ ಮುಂದೆ ಕೂತ ಯಾರು ಬೇಕಾದರೂ ಸೆಟ್ಟಿಂಗ್ಸ್ ತೆರೆದು ಓದಬಹುದು. ಪ್ರೈಮರಿ ಪಾಸ್‌ವರ್ಡ್ (ಉಳಿಸಿದ ಪಾಸ್‌ವರ್ಡ್‌ಗಳಿಗೆಲ್ಲ ಹಾಕುವ ಒಂದು ಬೀಗ) ಹಾಕಿದರೆ ಹಾಗೆ ಓದಲು ಆಗುವುದಿಲ್ಲ. ಲ್ಯಾಪ್‌ಟಾಪ್‌ಗಳಿಗೆ ಡಿಸ್ಕ್ ಎನ್‌ಕ್ರಿಪ್ಶನ್ ಕೂಡ ಬೇಕು. ನಿಮ್ಮ ಸರ್ವರಿನಲ್ಲಿ ಆ್ಯಪ್ ಪಾಸ್‌ವರ್ಡ್ ಸೌಲಭ್ಯ ಇದ್ದರೆ, ಅಂದರೆ ಒಂದೊಂದು ಸಾಧನಕ್ಕೆ ಒಂದೊಂದು ಪಾಸ್‌ವರ್ಡ್ ಕೊಡಲು ಬಂದರೆ, ಅದನ್ನೇ ಬಳಸಿ. ಲ್ಯಾಪ್‌ಟಾಪ್ ಕಳೆದರೆ ಆ ಒಂದನ್ನು ರದ್ದು ಮಾಡಿದರೆ ಮುಗಿಯಿತು.

ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಹೊಸ ಔಟ್‌ಲುಕ್ ತಾನಾಗಿ ಬಂದು ಕೂತಿರಬಹುದು. ಅದನ್ನು ತೆಗೆದುಹಾಕಿ, ಇಲ್ಲವೇ ಗ್ರೂಪ್ ಪಾಲಿಸಿಯಿಂದ (ಹಲವು ವಿಂಡೋಸ್ ಕಂಪ್ಯೂಟರ್‌ಗಳಿಗೆ ಒಟ್ಟಿಗೆ ನಿಯಮ ಹಾಕುವ ಸೌಲಭ್ಯ) ತಡೆಯಿರಿ. ಆಮೇಲೆ ಒಂದೆರಡು ವಾರ ಮೂರನೇ ಹಂತದ ಲಾಗ್ ಪರೀಕ್ಷೆಯನ್ನು ಎಲ್ಲ ಖಾತೆಗಳಿಗೂ ಮಾಡಿ. ಆಫೀಸು, ಮನೆ, ಫೋನು ಬಿಟ್ಟು ಬೇರೆಲ್ಲಿಂದಲೋ ಲಾಗಿನ್ ಆಗುತ್ತಿರುವ ಖಾತೆ ಸಿಕ್ಕರೆ, ಆ ವ್ಯಕ್ತಿ ಯಾವ ಸಾಫ್ಟ್‌ವೇರಿಗೆ ಪಾಸ್‌ವರ್ಡ್ ಕೊಟ್ಟಿದ್ದಾರೆ ಕೇಳಿ, ಬದಲಿಸಲು ಹೇಳಿ.